ಕೊನೆಗೆ ಕೂಡಿಸಿದ ಸದ್ದು

ತಮ್ಮ ತಾನೇ ಕ್ಯಾಮೆರಾ ಹಿಡಿದು ನಿರ್ದೇಶಿಸಿದ ಸಾಕ್ಷ್ಯಚಿತ್ರವನ್ನು ಅಕ್ಕ ಹನ್ನೆರಡು ದಿನ ಸದ್ದಿಲ್ಲದೆಯೇ ಸಂಕಲಿಸಿದಳು. ಪಕ್ಕದ ಕೋಣೆಯಲ್ಲಿ ಅವಳ ಕೂಸು. ಸದ್ದು ಹಾಕಿದರೆ ಅದು ಏಳುತ್ತದೆ, ಹೆಡ್‌ಫೋನ್ ಹಾಕಿದರೆ ಅದರ ಅಳು ಇವಳಿಗೆ ಕೇಳದು. ಸದ್ದನ್ನು ಕೊನೆಗೆ ನೋಡಿಕೊಳ್ಳೋಣ ಎಂದುಕೊಂಡಿದ್ದಳು.

ಮುಷ್ಕರ ಹೂಡಿದ್ದ ಅಚ್ಚುಮನೆಯ ಕೆಲಸಗಾರನೊಬ್ಬನನ್ನು ಮಾಲೀಕನ ಆಳುಗಳು ಬೀದಿಗೆಳೆದು ಬಡಿಯುವ ದೃಶ್ಯ ಆ ಚಿತ್ರದಲ್ಲಿತ್ತು. ಕಬ್ಬಿಣದ ಸಲಾಕೆ ಮೊದಲು ಮೊಣಕಾಲಿಗೆ, ಆಮೇಲೆ ದವಡೆಗೆ. ಚರಂಡಿಯ ಕಲ್ಲಿನ ಮೇಲೆ ಹಲ್ಲು. ಬೋರಲು ಬಿದ್ದವನ ಕೂದಲು ಹಿಡಿದು ಒಬ್ಬ ಮುಖವನ್ನು ಕ್ಯಾಮೆರಾದತ್ತ ತಿರುಗಿಸುತ್ತಾನೆ. ಮತ್ತೆ ಸಲಾಕೆ. ಅವನು ಮೇಲೇಳಲೇ ಇಲ್ಲ.

ದೇಶದೇಶದ ಇಂಥ ಚಿತ್ರಗಳನ್ನು ನೂರಾರು ನೋಡಿದವಳು ಅವಳು. ಹಿಂಸೆಯನ್ನು ತೋರಿಸುವುದಕ್ಕೂ ಉಣಬಡಿಸುವುದಕ್ಕೂ ಕೂದಲೆಳೆಯಷ್ಟೇ ಅಂತರವೆಂದು ತಮ್ಮನಿಗೆ ಕಲಿಸಿದವಳೂ ಅವಳೇ. ಮುಖ ತಿರುಗಿಸಿದ್ದು ಕೊಂದವರ ಕೊಬ್ಬು ಎಂದು ತಿಳಿದು ಅದನ್ನೇ ಚಿತ್ರದ ನಡುಗಂಬ ಮಾಡಿದ್ದಳು.

ಹದಿಮೂರನೆಯ ದಿನ ತಮ್ಮ ಬಂದ. ಮರುದಿನವೇ ಹೊರದೇಶದ ಚಿತ್ರೋತ್ಸವಕ್ಕೆ ಕಳಿಸಬೇಕಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಅವನು ಅತ್ತಿತ್ತ ಓಡಾಡತೊಡಗಿದಾಗ ಅವಳು ಹೆಡ್‌ಫೋನ್ ಹಾಕಿಕೊಂಡಳು.

"ಮುಖ ಕಾಣ್ತಿಲ್ಲ. ಈ ಕಡೆ ತಿರುಗಿಸ್ರೋ."

ಕ್ಯಾಮೆರಾದ ಹಿಂದಿನಿಂದ ಬಂದ ದನಿ. ತಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮನ ದನಿಯ ಗುರುತು ತಪ್ಪುವುದುಂಟೆ? ದೃಶ್ಯವನ್ನು ಹಿಂದಕ್ಕೆಳೆದು ಮತ್ತೆ ಕೇಳಿದಳು. ಮಾತು ಮುಗಿದ ಮೇಲೆ ಏಳು ಏಟು. ಐದನೆಯದಕ್ಕೆ ನರಳಾಟ ನಿಂತಿತ್ತು.

ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಅವರು ಹೆಂಗೂ ಬಿಡ್ತಿರ್ಲಿಲ್ಲ ಕಣಕ್ಕ. ಮುಖ ಇಲ್ದಿದ್ರೆ ಯಾರು ನಂಬ್ತಿದ್ರು? ಅದೊಂದು ಮಾತು ತೆಗೆದುಬಿಡು."

"ನಿನ್ನ ಮಾತಿಗೆ ಮುಂಚೆ ಅವರು ಕೈ ಇಳಿಸಿದ್ರು ಕಣೋ. ಸಾಕು, ನಡೀರಿ ಅಂತಿದ್ದಾನೆ ಒಬ್ಬ. ಕೇಳಿಸ್ಲಾ?"

ಅವನು ಬೇಡವೆಂದ. ಇದು ಹೊರಬಿದ್ದರೆ ನನ್ನನ್ನೂ ಕೊಲೆಗಾರರ ಸಾಲಿನಲ್ಲಿ ನಿಲ್ಲಿಸುತ್ತಾರೆ, ಒಡಹುಟ್ಟಿದವಳಾಗಿ ನೀನೇ ನನ್ನ ಕುತ್ತಿಗೆ ಕೊಯ್ಯುತ್ತೀಯಾ ಎಂದು ಕಾಲಿಗೆ ಬೀಳುವಂತೆ ಬೇಡಿಕೊಂಡ. ಅವಳು ಎದ್ದು ಅವನ ಹೆಗಲಿನಿಂದ ಕೂಸನ್ನು ತೆಗೆದುಕೊಂಡಳು. ಆ ಕೈಯಲ್ಲಿ ಅದನ್ನು ಇನ್ನೊಂದು ಗಳಿಗೆ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊನೆಯ ಕೆಲಸ ಮುಗಿಸಿದಳು. ಪರದೇಶದವರಿಗೆ ಅರ್ಥವಾಗಲೆಂದು ತೆರೆಯ ಮೇಲೆ ಪ್ರತಿ ಮಾತಿನ ಅನುವಾದದ ಕೆಳಗೆ ಆಡಿದವರು ಯಾರೆಂದು ಬರೆಯಬೇಕಿತ್ತಲ್ಲ, ಆ ಮಾತಿನ ಕೆಳಗೂ ಬರೆದಳು: ನಿರ್ದೇಶಕ.

ತಮ್ಮ ಗೋಡೆಗೊರಗಿ ಬಿಕ್ಕತೊಡಗಿದ.

"ಮೆಲ್ಲಗೆ ಅಳೋ," ಎಂದಳು ಅಕ್ಕ, ಕಳಿಸುವ ಗುಂಡಿ ಒತ್ತುತ್ತ. "ಕೂಸು ಎದ್ದೀತು."