ಇಳಿಯಬೇಕಾದ ಒಂದು ಮಣ

ಜವರಯ್ಯನ ಸೌದೆ ಡಿಪೋ ನಮ್ಮ ಮನೆಯ ಹಿಂದಿನ ಬೀದಿಯಲ್ಲಿತ್ತು. ಚಾಮರಾಜಪುರಂನ ಅರ್ಧಕ್ಕರ್ಧ ಒಲೆಗಳು ಉರಿಯುತ್ತಿದ್ದದ್ದು ಅವನ ಸೌದೆಯಿಂದಲೇ. ತೊಲೆಯಿಂದ ಸರಪಳಿ ಕಟ್ಟಿ ಇಳಿಬಿಟ್ಟ ದೊಡ್ಡ ತಕ್ಕಡಿ. ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ಸೌದೆ ಹೇರುವ ಹಲಗೆ. ಆ ಹಲಗೆಯ ಮೇಲೆ ಪ್ರತಿ ಬುಧವಾರ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಸೆರಗು ಹೊದ್ದು ನಾನು ಕೂತುಕೊಳ್ಳುತ್ತಿದ್ದೆ. ನಗಬೇಡಿ. ಡಾಕ್ಟರ್ ಶಾಪಿನ ತೂಕದ ಯಂತ್ರ ಕೆಟ್ಟು ಕೂತಿತ್ತು. ಇನ್ನೆಲ್ಲಿಗೆ ಹೋಗಲಿ?

ಅನಂತಪದ್ಮನಾಭ ಡಾಕ್ಟರು ಹೇಳಿದ್ದರು: "ರಕ್ತದ ಒತ್ತಡ ಜಾಸ್ತಿ ಇದೆ, ಮೂತ್ರದಲ್ಲಿ ಸಕ್ಕರೆ ಕಾಣಿಸ್ತಿದೆ. ಒಂದು ಮಣ, ಅಂದ್ರೆ ನಲವತ್ತು ಸೇರು, ಇಳೀಲೇಬೇಕು ಚಂದ್ರಮತಮ್ಮ. ಅನ್ನ, ತುಪ್ಪ, ಬೆಲ್ಲ ಬಿಡಿ. ಬೆಳಿಗ್ಗೆ ಅಂಬಲಿ, ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂದು ರೊಟ್ಟಿ. ಆದ್ರೆ ಒಂದು ಹೊತ್ತೂ ತಪ್ಪಿಸಕೂಡದು. ನಿಮ್ಮ ವಿಷಯದಲ್ಲಿ ಅದೇ ಮುಖ್ಯ." ಚೀಟಿಯಲ್ಲೂ ಬರೆದುಕೊಟ್ಟರು.

ನನ್ನ ವಿಷಯ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ವರ್ಷದ ಕೆಳಗೆ, ಇಂಥದ್ದೇ ಅಂತ ಕಾರಣವಿಲ್ಲದೆ, ನನಗೆ ಮಂಕು ಕವಿದಿತ್ತು. ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ, ತುತ್ತು ಮುಟ್ಟಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ಕು ತಿಂಗಳು. ತಲೆಗೆ ಕರೆಂಟು ಕೊಡುವ ಕೋಣೆಯ ಹೊರಗೆ ಒಂದು ಕಲ್ಲುಬೆಂಚಿತ್ತು. ಸರದಿ ಬರುವವರೆಗೂ ಅಲ್ಲಿ ಕೂರಬೇಕು. ಈಗಲೂ ತಣ್ಣನೆಯ ಕಲ್ಲಿನ ಮೇಲೆ ಕೂತರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ವಾಪಸು ಬಂದ ಮೇಲೆ ಅತ್ತೆ ಗಿರಿಜಾಂಬಾ ತುಪ್ಪ ಸುರಿದು ಸುರಿದು ತಿನ್ನಿಸಿದರು. ಮನಸ್ಸು ಕುಗ್ಗಿದ ದಿನ ನಾನೇ ತಿಂಡಿ ಡಬ್ಬಿಗೆ ಕೈ ಹಾಕುತ್ತಿದ್ದೆ. ನಾನು ದಪ್ಪಗಾದಷ್ಟೂ ಮನೆಯವರಿಗೆ ಧೈರ್ಯ. "ನೋಡಿ, ಮೈ ಎಂಗೆ ತುಂಬ್ಕೊಂಡವ್ಳೆ!" ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು.

ಇಂಥ ಮನೆಯಲ್ಲಿ ಊಟ ಕಡಮೆ ಮಾಡುತ್ತೇನೆ ಅಂದರೆ ಮುಗಿಯಿತು. ಹೆದರಿ ನಂಜನಗೂಡು ನಂಜುಂಡೇಶ್ವರನ ಹೆಸರು ಹೇಳಿದೆ. "ಹರಕೆ ಅತ್ತೆ. ಶಿವರಾತ್ರಿವರೆಗೂ ಅನ್ನ, ತುಪ್ಪ, ಬೆಲ್ಲ ಬಿಟ್ಟಿದ್ದೀನಿ." ಡಾಕ್ಟರ ಮಾತು ಅಂದಿದ್ದರೆ ಅವರ ಜೊತೆ ಜಗಳ ಕಾಯುತ್ತಿದ್ದ ಅತ್ತೆ ನಂಜುಂಡಪ್ಪನ ಜೊತೆ ಕಾಯಲಿಲ್ಲ.

ಮೊದಲ ಮೂರು ವಾರ, ವಾರಕ್ಕೆ ಮೂರು ಮೂರು ಸೇರು ಇಳಿದೆ.

"ಹಸಿ ಸೌದೆ ಆಗಿದ್ರಿ ಕಣವ್ವ, ಈಗ ಒಣಗ್ತಾ ಇದ್ದೀರಿ," ಅಂದ ಜವರಯ್ಯ. "ಇಂಗೇ ಎಲ್ಲಾ ಒಣಗ್ಬುಟ್ರೆ ನಮ್ ವ್ಯಾಪಾರಕ್ಕೆ ಲುಕ್ಸಾನು."

"ನಿನ್ನ ತಕ್ಕಡಿ ಯಾರಿಗೆ ಸರಿಯಾಗಿ ತೂಗಿದೆ, ಜವರಯ್ಯ?"

"ನಿಮ್ಗೊಬ್ರಿಗೇ ಕಣವ್ವ, ದೇವ್ರಾಣೆ!"

ನಾಲ್ಕನೆಯ ಬುಧವಾರ ಅವನು ಒಂದು ಕಲ್ಲು ತೆಗೆದ. ಹಲಗೆ ಕೆಳಗಿಳಿದು ಸಮಕ್ಕೆ ನಿಲ್ಲುತ್ತದೆ ಅಂದುಕೊಂಡೆ. ನೋಡಿದರೆ ಇನ್ನೂ ನೆಲದಿಂದ ಮೇಲೆ ತೂಗಾಡುತ್ತಿದ್ದೆ. ಇನ್ನೊಂದು ಕಲ್ಲು ತೆಗೆದ.

"ಹತ್ತು ಸೇರು! ಒಂದೇ ವಾರಕ್ಕೆ! ಭೇಷ್ ಕಣವ್ವ!"

ನಗಬೇಕು ಅಂತ ಬಾಯಿ ತೆರೆದೆ. ಆಗ ಹೊಳೆಯಿತು: ನಿನ್ನೆ ಮಧ್ಯಾಹ್ನ ನಾನು ಏನು ತಿಂದೆ? ನೆನಪಿಲ್ಲ. ಮೊನ್ನೆ? ತಟ್ಟೆ ನೆನಪಿದೆ, ಬಾಯಿ ನೆನಪಿಲ್ಲ. ಭಾನುವಾರದಿಂದ ಈಚೆಗೆ ಹಸಿವು ಅನ್ನುವುದೇ ಆಗಿಲ್ಲ. ಈ ಹತ್ತು ಸೇರನ್ನು ಇಳಿಸಿದ್ದು ನಾನೋ, ಆ ಮಂಕೋ?

"ಯಾಕವ್ವ, ಮುಖ ಬೆಳ್ಳಗಾಯ್ತಲ್ಲ? ಇಳೀರಿ, ನೀರು ತರ್ತೀನಿ," ಅಂದ ಜವರಯ್ಯ. ನೀರಿಗೆ ಕಾಯದೆ ಮನೆಗೆ ಓಡಿದೆ.

ಹಿತ್ತಿಲಲ್ಲಿ ಅತ್ತೆ ಕಲಗಚ್ಚಿನ ಬಾನಿಯ ಮುಂದೆ ನಿಂತಿದ್ದರು. ದನಕ್ಕೆ ಹಾಕುವ ಆ ನೀರಿನಲ್ಲಿ ಮೂರು ಮುದ್ದೆಗಳು ಊದಿಕೊಂಡು ಕೂತಿದ್ದವು. ಒಂದನ್ನೂ ಮುರಿದಿರಲಿಲ್ಲ.

"ಹರಕೆಗೆ ತುಪ್ಪ ಬಿಟ್ಟೆ, ಸರಿ," ಅಂದರು. "ಮುದ್ದೆ ಯಾವ ದೇವ್ರಿಗೆ ಬಿಟ್ಟೆ ಕಣೇ?"

ಹಾಕಿದ್ದು ನಾನೇ ಇರಬೇಕು. ನನ್ನ ಕೈ ಹಾಕಿದ್ದು ನನಗೇ ಗೊತ್ತಿರಲಿಲ್ಲ.

ಒಳಗೆ ಅಟ್ಟದಿಂದ ಏನೋ ಎಳೆದ ಸದ್ದು. ನನ್ನ ಯಜಮಾನರು ವೃಷಭೇಂದ್ರಪ್ಪ, ಮಿಡ್ಲ್ ಸ್ಕೂಲ್ ಮೇಷ್ಟ್ರು, ಬಾನಿ ನೋಡಿದವರೇ ಸ್ಕೂಲಿಗೆ ಹೊರಡದೆ ಕಬ್ಬಿಣದ ಟ್ರಂಕು ಇಳಿಸುತ್ತಿದ್ದರು. ಬೆಂಗಳೂರಿಗೆ ನನ್ನ ಜೊತೆ ಬಂದಿದ್ದ ಟ್ರಂಕು.

"ಹೋಗ್ಬಂದ್ಬುಡೋಣ ಚಂದ್ರು," ಅಂದರು, ನನ್ನ ಮುಖ ನೋಡದೆ. "ಹದಿನೈದೇ ದಿನ."

ಹೋದ ಸಲವೂ ಹದಿನೈದೇ ದಿನ ಅಂದಿದ್ದರು.

ಅಡುಗೆಮನೆಗೆ ಹೋದೆ. ಬಚ್ಚಿಟ್ಟಿದ್ದ ಡಾಕ್ಟರ ಚೀಟಿ ಮೆಣಸಿನ ಡಬ್ಬಿಯ ಅಡಿಯಲ್ಲಿತ್ತು. ಅದನ್ನು ತೋರಿಸಿ, 'ಇದೆಲ್ಲ ಡಾಕ್ಟರು ಹೇಳಿದ ಪಥ್ಯ, ಹತ್ತು ಸೇರು ಇಳಿದೆ' ಅಂದಿದ್ದರೆ ಸಾಕಿತ್ತು. ನಂಬುತ್ತಿದ್ದರು. ಟ್ರಂಕು ಅಟ್ಟ ಸೇರುತ್ತಿತ್ತು. ನಾಳೆ ಇನ್ನೊಂದು ಮುದ್ದೆ ಬಾನಿಗೆ ಹೋಗುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಜವರಯ್ಯ ಭೇಷ್ ಅನ್ನುತ್ತಲೇ ಇರುತ್ತಿದ್ದ.

ಚೀಟಿ ತಂದು ಯಜಮಾನರ ಕೈಗೆ ಕೊಟ್ಟೆ. "ಹರಕೆ ಸುಳ್ಳು. ಇದು ಡಾಕ್ಟರು ಹೇಳಿದ ಪಥ್ಯ. ಆದ್ರೆ ಮುದ್ದೆ ಚೆಲ್ಲಿದ್ದು ಪಥ್ಯ ಅಲ್ಲ. ಅದು ಮತ್ತೆ ಬಂದಿದೆ ರೀ. ನನಗೇ ಗೊತ್ತಾಗದ ಹಾಗೆ ಬಂದಿದೆ."

"ನಂಜುಂಡಪ್ಪನ ಹೆಸರಲ್ಲಿ ಸುಳ್ಳು!" ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ಮಗನ ಕೈಯಿಂದ ಚೀಟಿ ಕಿತ್ತುಕೊಂಡು, ಓದಲು ಬಾರದಿದ್ದರೂ ದಿಟ್ಟಿಸಿ ನೋಡಿದರು. "ಇದ್ರಲ್ಲಿ ಎಷ್ಟು ಮುದ್ದೆ ಅಂತ ಬರ್ದವ್ರೆ?"

"ಒಂದು. ತಪ್ಪಿಸಕೂಡದು ಅಂತಲೂ ಬರೆದಿದ್ದಾರೆ."

"ತುಪ್ಪ?"

"ಬೇಡ."

"ಒಂದು ಮಿಳ್ಳೆ?"

"ಅತ್ತೆ..."

"ಸರಿ ಬುಡು."

ಒಲೆ ಹಚ್ಚಿ ಮುದ್ದೆ ತಿರುವಿ, ಸೊಪ್ಪಿನ ಸಾರು ಬಿಟ್ಟು, ತಟ್ಟೆ ಮುಂದಿಟ್ಟು ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು. ಯಜಮಾನರು ಟ್ರಂಕಿನ ಮೇಲೆ ಕೂತರು. ಅದನ್ನು ಅಟ್ಟಕ್ಕೂ ಹಾಕಲಿಲ್ಲ, ತೆರೆಯಲೂ ಇಲ್ಲ.

"ಸಂಜೆ ಡಾಕ್ಟರ ಹತ್ರ ಮೂವರೂ ಹೋಗೋಣ," ಅಂದರು. "ಅವರೇನಾದ್ರೂ ಬೆಂಗಳೂರು ಅಂದ್ರೆ..."

"ಅಂದ್ರೆ ಹೋಗ್ತೀನಿ." ನನ್ನ ದನಿ ನನಗೇ ಕೇಳಿಸಲಿಲ್ಲ.

ತುತ್ತು ಮುರಿದೆ. ಬಾಯಿಗಿಟ್ಟೆ. ಬಾಯಲ್ಲಿ ಮಣ್ಣಿನ ಉಂಡೆ ಇಟ್ಟುಕೊಂಡ ಹಾಗೆ.

"ನುಂಗು ಕಣವ್ವ. ನಾನೆಲ್ಲೂ ಹೋಗಕಿಲ್ಲ," ಅಂದರು ಅತ್ತೆ.

ನುಂಗಿದೆ. ಮುದ್ದೆ ಇನ್ನೂ ಮುಕ್ಕಾಲು ಉಳಿದಿತ್ತು.