ಮೊದಲು ಹೊಗಳಿಕೆ, ಆಮೇಲೆ ಜಗಳ

ರೈಲು ಹುಚ್ಚರ ವಾಟ್ಸಾಪ್ ಗುಂಪನ್ನು ಕಟ್ಟಿದ್ದು ಟೈಲರ್. ಪಕ್ಷಗಳ ಕಿತ್ತಾಟ ಶುರುವಾದಾಗಲೆಲ್ಲ ಗದರಿ ಬರೆದು ಬರೆದು ಆರು ವರ್ಷದಲ್ಲಿ ಅವನ ಬೆರಳೇ ಸವೆದಿತ್ತು. ಮೊನ್ನೆ ಮೊನ್ನೆ ಸೇರಿದ ನಾದಿನಿ, ಆಸ್ಪತ್ರೆಯ ನರ್ಸು, ಒಂದೇ ಒಂದು ನಿಯಮ ತಂದಳು: ರಾಜಕೀಯ ಮಾತಾಡುವವರು ಮೊದಲು ಎದುರಾಳಿ ತೆಗೆದ ರೈಲಿನ ಫೋಟೊ ಒಂದನ್ನು ಹೊಗಳಬೇಕು. ಜಗಳ ತಣ್ಣಗಾಯಿತು. ಎಲ್ಲರ ಬಾಯಲ್ಲೂ ಅವಳದೇ ಗುಣಗಾನ. ಟೈಲರ್ ಹೊಟ್ಟೆಗೆ ಬೆಂಕಿ ಬಿತ್ತು.

ಅವಳಿಗೂ ಸಿಟ್ಟು ಬರುತ್ತದೆಂದು ಎಲ್ಲರಿಗೂ ತೋರಿಸಲು, ನಿಯಮ ಗಾಳಿಗೆ ತೂರಿ, ಹೊಲಿಯುತ್ತಿದ್ದ ಕಾಲರ್ ಬಿಟ್ಟು ಬರೆದ: "ನಿನ್ನ ಪಕ್ಷ ರೈಲನ್ನೇ ಮಾರಿಬಿಡುತ್ತೆ, ನೀನು ಕೈ ಬೀಸ್ತಾ ನಿಂತಿರು."

"ಭಾವ, ಮಂಜಿನಲ್ಲಿ ಬರೋ ಗೂಡ್ಸ್ ಗಾಡೀನ ನಿಮ್ಮಷ್ಟು ಚೆನ್ನಾಗಿ ಯಾರೂ ತೆಗೆದಿಲ್ಲ. ಮಾರೋ ಮಾತು ಮಾತ್ರ ಸುಳ್ಳು," ಎಂದು ಉತ್ತರ ಬಂತು.

ಈಗ ಅವನ ಸರದಿ. ತಪ್ಪು ಹುಡುಕುತ್ತ ಅವಳ ಫೋಟೊಗಳನ್ನೆಲ್ಲ ಜಾಲಾಡಿದ. ಸೇತುವೆ ಮೇಲಿನ ಇಂಜಿನ್ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅಳುವೇ ಬಂತು. "ಚೆನ್ನಾಗಿದೆ" ಎಂದು ಬರೆದ, ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ.

ಫೋನ್ ರಿಂಗಾಯಿತು. ನಾದಿನಿಯೇ.

"ಭಾವ, ನೀವು ಟೈಪ್ ಮಾಡ್ತಿರೋದು ಕಾಲು ಗಂಟೆಯಿಂದ ಎಲ್ಲರಿಗೂ ಕಾಣ್ತಿದೆ. ಒಂದು ಮಾತು ಹೊಗಳೋಕೆ ಇಷ್ಟು ಒದ್ದಾಟನಾ?"

"ನೆಟ್‌ವರ್ಕ್ ಇಲ್ಲಮ್ಮ!" ಎಂದು ಟೈಲರ್ ಫೋನಿನಲ್ಲೇ ಕಿರುಚಿದ.