ಕೋಶದ ಕಪ್ಪು ಗೆರೆ

ಕಪ್ಪಾಗಬಾರದಿದ್ದ ಕೋಶವೂ ಕಪ್ಪಾಗಿತ್ತು. ಸುಮಿಎ ಮುರೊಯಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಸಿರು ಪರದೆಗೆ ಮುಖ ಹತ್ತಿಸಿಕೊಂಡು ಮತ್ತೆ ನೋಡಿದಳು. ಕೋಶಕೇಂದ್ರದ ಸುತ್ತ ಅದೇ ಗೆರೆ, ಕಾಡಿಗೆ ತೀಡಿದಷ್ಟು ಸ್ಪಷ್ಟ.

ಒಬ್ಬನೇ ರೋಗಿಯ ಮೂಳೆಮಜ್ಜೆಯನ್ನು ಅವಳು ಎರಡು ಪಾಲು ಮಾಡಿದ್ದಳು. ಒಂದಕ್ಕೆ ಬಣ್ಣದ ದ್ರಾವಣದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದಳು. ಇನ್ನೊಂದಕ್ಕೆ ಬೇಕೆಂದೇ ಬೆರೆಸಿರಲಿಲ್ಲ. ಮೊದಲನೆಯದು ಮಾತ್ರ ಕಪ್ಪಾದರೆ ರಕ್ತದ ಕ್ಯಾನ್ಸರ್ ಯಾವ ಬಗೆಯದೆಂದು ತಿಳಿಯುತ್ತದೆ. ಎರಡೂ ಕಪ್ಪಾದರೆ ಕೆಟ್ಟಿರುವುದು ದ್ರಾವಣ. ಆ ದಿನ ಅವಸರದಲ್ಲಿ ಹಿಂದಿನ ದಿನದ ದ್ರಾವಣವನ್ನೇ ಸುರಿದದ್ದು ಅವಳಿಗೆ ನೆನಪಾಯಿತು. ಮೊದಲ ಪಾಲಿನ ಫೋಟೋ ಆಗಲೇ ಪ್ರೊಫೆಸರ್ ಕಾಜಿತಾನಿಯವರ ಕೈ ಸೇರಿತ್ತು. ಇನ್ನೆರಡು ವಾರಕ್ಕೆ ಕ್ಯೋಟೋದ ಸಮ್ಮೇಳನದಲ್ಲಿ ಅದನ್ನು ತೋರಿಸುವವರಿದ್ದರು.

"ತಪ್ಪು ನನ್ನದು, ಮೇಷ್ಟ್ರೇ," ಎಂದು ಅವರ ಕೋಣೆಯಲ್ಲಿ ತಲೆಬಾಗಿ ನಿಂತಳು.

ಕಾಜಿತಾನಿ ಅವಳಿಗೂ ಒಂದು ಬಟ್ಟಲು ಚಹಾ ಬಗ್ಗಿಸಿದರು. "ಹನ್ನೊಂದು ವರ್ಷಕ್ಕೆ ಒಂದು ತಪ್ಪು. ಅದಕ್ಯಾಕೆ ಈ ಮುಖ? ಎರಡನೇ ಪಾಲು ನೋಡಿದ್ದು ನೀನೊಬ್ಬಳೇ ತಾನೇ? ಬಿಟ್ಟುಬಿಡು."

"ಆದ್ರೆ ಆ ಫೋಟೋ ನೋಡಿ ತಾನೇ ಔಷಧಿ ಕೊಡೋದು..."

"ಹೊಸ ದ್ರಾವಣ ಹಾಕಿದ್ರೂ ಆ ಗೆರೆ ಇದ್ದೇ ಇರುತ್ತಮ್ಮ. ಮೂವತ್ತು ವರ್ಷದಿಂದ ರಕ್ತ ನೋಡ್ತಿದೀನಿ. ಆ ಮುದುಕನ್ನ ಇನ್ನೊಂದ್ಸಲ ಚುಚ್ಚೋಣ ಅಂತೀಯಾ? ನಿನ್ನ ಹೆಸರು ಎಲ್ಲೂ ಬರಲ್ಲ. ನಾನಿಲ್ವಾ?"

ಅವಳಿಗೆ ಗಂಡು ಹುಡುಕಿದವರು ಅವರು. ಗಂಡ ತಾದಾಕಿಗೆ ಇದೇ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಕೊಡಿಸಿದವರೂ ಅವರೇ. ಬೈದಿದ್ದರೆ ಎದುರಾಡಬಹುದಿತ್ತು. ಈ ಅಕ್ಕರೆಗೆ ಏನು ಹೇಳುವುದು? ಅವಳು ಚಹಾ ಕುಡಿದು, ಬಟ್ಟಲು ತೊಳೆದಿಟ್ಟು ಬಂದಳು.

"ಸುಮ್ನಿರೇ ಮಾರಾಯ್ತಿ," ಎಂದ ತಾದಾಕಿ, ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ. "ಅವರೇ ಬಿಡು ಅಂದ್ಮೇಲೆ ನಿಂದೇನು? ಇಲ್ಲಿಂದ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗೋಣ?"

ಅವಳು ಅರ್ಧ ನೂಡಲ್ಸ್ ಬಿಟ್ಟು ಎದ್ದಳು. ಪ್ರಯೋಗಾಲಯದವರು ವಾರ್ಡಿಗೆ ಹೋಗುವ ವಾಡಿಕೆಯಿರಲಿಲ್ಲ. ಮೂರನೆಯ ಮಹಡಿಯ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಆ ಮುದುಕ, ಉಗಾಕಿ, ಕೂತಿದ್ದ. ತತಾಮಿ ಚಾಪೆ ಹೊಲಿಯುವ ಕಸುಬಿನವನು. ಈವರೆಗೆ ಅವಳಿಗೆ ಅವನು ಬರೀ ಒಂದು ಸಂಖ್ಯೆ.

"ಯಾರಮ್ಮ ನೀವು? ಹೊಸ ನರ್ಸಾ?"

"ಅಲ್ಲ. ನಿಮ್ಮ ರಕ್ತ ನೋಡೋಳು."

"ಓಹೋ, ನನ್ನ ಒಳಗನ್ನೆಲ್ಲ ನೋಡಿಬಿಟ್ರಿ ಅನ್ನಿ. ಹೆಂಡತಿಗೂ ಅಷ್ಟು ತೋರಿಸಿರ್ಲಿಲ್ಲ!"

ಸುಮಿಎಗೆ ನಗು ಬರಲಿಲ್ಲ. ಸೊಂಟ ಬಗ್ಗಿಸಿ ನಿಂತಳು. "ಹೋದ ಸಲ ನಾನು ಕೆಲಸ ಕೆಡಿಸಿದೆ. ಇನ್ನೊಮ್ಮೆ ಮಜ್ಜೆ ಬೇಕು. ಮೇಷ್ಟ್ರು ಕಳಿಸಿದ್ದಲ್ಲ, ನಾನೇ ಬಂದೆ."

ಮುದುಕ ಎದೆಮೂಳೆಯ ಮೇಲಿನ ಪಟ್ಟಿಯನ್ನು ಮುಟ್ಟಿಕೊಂಡ. "ಅದು ಬಹಳ ನೋಯುತ್ತೆ."

"ಗೊತ್ತು."

"ನಿಮಗೆ ಗೊತ್ತಿಲ್ಲ." ಕಿಟಕಿಯತ್ತ ತಿರುಗಿದ. "ಒಂದ್ಸಲ ಸೊಟ್ಟ ಹೊಲಿದ ಚಾಪೇನ ಗಿರಾಕಿಗೆ ಸಾಗಿಹಾಕ್ದೆ. ಅವನಿಗೆ ಗೊತ್ತೇ ಆಗ್ಲಿಲ್ಲ. ಆದ್ರೂ ಆ ಬೀದೀಲಿ ಮತ್ತೆ ಕಾಲಿಡಕ್ಕಾಗ್ಲಿಲ್ಲ ನನಗೆ. ಹೋಗಿ, ಮುದುಕನೇ ಇನ್ನೊಂದ್ಸಲ ನೋಡಿ ಅಂತ ಹಟ ಹಿಡಿದಿದಾನೆ ಅಂತ ಹೇಳಿ."

ಅವಳು ಹಾಗೆ ಹೇಳಲಿಲ್ಲ. ತಾನೇ ಹೋಗಿ ಕೇಳಿದೆನೆಂದು ಕಾಜಿತಾನಿಯವರಿಗೆ ತಿಳಿಸಿದಳು. ಮರುದಿನ ಸೂಜಿ ಚುಚ್ಚಿದವರು ಅವರೇ. ಉಗಾಕಿ ಹಲ್ಲು ಕಚ್ಚಿ ಮಂಚದ ಸರಳು ಹಿಡಿದಿದ್ದ. ಸಿರಿಂಜನ್ನು ಸುಮಿಎಯ ಕೈಗೆ ಕೊಡುವಾಗ ಅವರು ಅವಳ ಮುಖ ನೋಡಲಿಲ್ಲ.

ಐದು ದಿನದ ಮೇಲೆ ಫೋಟೋ ಬಂತು. ಎರಡು ಪಾಲಿನಲ್ಲೂ ಗೆರೆ ಇರಲಿಲ್ಲ; ಕ್ಯಾನ್ಸರ್ ಬೇರೆ ಬಗೆಯದು. ಔಷಧಿ ಬದಲಾಯಿತು, ಕ್ಯೋಟೋದ ಉಪನ್ಯಾಸ ರದ್ದಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಉಗಾಕಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ತಾದಾಕಿಯ ಕೆಲಸಕ್ಕೂ ಏನೂ ಆಗಲಿಲ್ಲ. ಅವನು ಮಾತ್ರ ಪ್ರತಿ ಸಂಜೆ, "ಮೇಷ್ಟ್ರು ಇವತ್ತೇನಾದ್ರೂ ಅಂದ್ರಾ?" ಎಂದು ಕೇಳುತ್ತಿದ್ದ.

ಅವರು ಏನೂ ಅನ್ನಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ ಹೊಸ ರೋಗಿಯ ಮಜ್ಜೆಯ ಸೀಸೆ ಹಿಡಿದು ಬಂದರು. ಅದನ್ನು ಮೇಜಿನ ತುದಿಯಲ್ಲಿಟ್ಟರು.

"ಇದನ್ನ ಸ್ವಲ್ಪ ನೋಡ್ತೀರಾ, ಮುರೊಯಿಯವರೇ? ನಿಮಗೆ ಬಿಡುವಾದಾಗ."

ಹನ್ನೊಂದು ವರ್ಷದಲ್ಲಿ ಅವರು ಅವಳನ್ನು 'ನೀವು' ಅಂದದ್ದು ಅದೇ ಮೊದಲು. ಸುಮಿಎ ಎದ್ದು ತಲೆಬಾಗಿದಳು. ತಲೆ ಎತ್ತುವಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತ್ತು. ಸೀಸೆ ಇನ್ನೂ ಬೆಚ್ಚಗಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವಳು ಸೂಕ್ಷ್ಮದರ್ಶಕದ ಕೋಣೆಯ ಕತ್ತಲಲ್ಲಿ ನಿಂತಿದ್ದಳು.